ಹಳೇ ಪಾಸ್‌ವರ್ಡ್ ಬರೆದು ಹೆದರಿಸೋ ಮೇಲ್ ಬಂದಿದೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಾವು ಡೊಂಬಿವಲಿ ಈಸ್ಟ್‌ನಲ್ಲಿರೋದು, ಊರು ಕುಂದಾಪುರದ ಹತ್ರ. ಯಜಮಾನ್ರು ಠಾಣೆಯಲ್ಲಿ ಸಣ್ಣ ಹೋಟ್ಲು ನಡೆಸ್ತಾರೆ. ಮೊನ್ನೆ ನನ್ನ ಜಿಮೇಲ್‌ಗೆ ಇಂಗ್ಲಿಷ್‌ನಲ್ಲಿ ಒಂದು ಮೇಲ್ ಬಂತು, ಸಬ್ಜೆಕ್ಟ್‌ನಲ್ಲೇ ನನ್ನ ಪಾಸ್‌ವರ್ಡ್! ಮಗನ ಹೆಸರು, ಪಕ್ಕದಲ್ಲಿ ಅವ್ನು ಹುಟ್ಟಿದ ವರ್ಷ, ಸರಿಯಾಗಿ ಅದೇ. ನಿನ್ನ ಫೋನಿನ ಕ್ಯಾಮೆರಾದಿಂದ ವಿಡಿಯೊ ತೆಗ್ದಿದ್ದೀನಿ, 48 ಗಂಟೇಲಿ ಬಿಟ್‌ಕಾಯಿನ್ ಹಾಕ್ದಿದ್ರೆ ನಿನ್ನ ಪರಿಚಯದವ್ರಿಗೆಲ್ಲಾ ಕಳಿಸ್ತೀನಿ ಅಂತ ಬರ್ದಿದಾನೆ. ಎರಡು ರಾತ್ರಿ ನಿದ್ದೆ ಇಲ್ಲ, ಮನೇಲಿ ಹೇಳೋಕೂ ಭಯ. ಅದೇ ಪಾಸ್‌ವರ್ಡ್ ಫೇಸ್‌ಬುಕ್‌ಗೂ ಉಂಟು, ರೈಲ್ವೆ ಟಿಕೆಟ್‌ಗೂ ಉಂಟು, ಹೋಟ್ಲಿನ ಮೇಲ್‌ಗೂ ಉಂಟು. ಏನು ಮಾಡ್ಲಿ?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಅಕ್ಕಾ, ಮೊದ್ಲು ಯಜಮಾನ್ರಿಗೆ ಹೇಳಿ, ಇವತ್ತೇ ಹೇಳಿ. ನೀವೇನೂ ತಪ್ಪು ಮಾಡಿಲ್ಲ, ಆ ವಿಡಿಯೊ ಗಿಡಿಯೊ ಎಲ್ಲಾ ಸುಳ್ಳು. ಈ ಥರದ ಮೇಲ್ 2018ರಿಂದ ಎಷ್ಟೋ ದೇಶದಲ್ಲಿ ಎಷ್ಟೋ ಜನಕ್ಕೆ ಹೋಗಿದೆ, ಪಾಸ್‌ವರ್ಡ್ ಮಾತ್ರ ಅವರವರದ್ದು, ಉಳಿದ ಒಕ್ಕಣೆ ಹೆಚ್ಚುಕಮ್ಮಿ ಅದೇ. ಉತ್ತರ ಬರೀಬೇಡಿ, ದುಡ್ಡು ಹಾಕ್ಬೇಡಿ, ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟು ಸ್ಪ್ಯಾಮ್‌ಗೆ ಹಾಕಿಬಿಡಿ.

ಹಾಗಾದ್ರೆ ಪಾಸ್‌ವರ್ಡ್ ಹೇಗೆ ಸಿಕ್ತು ಅಂತೀರಾ? ನೀವು ಯಾವತ್ತೋ ಅಕೌಂಟ್ ಮಾಡಿ ಮರೆತ ಯಾವುದೋ ವೆಬ್‌ಸೈಟಿಂದ ಕದ್ದಿರ್ತಾರೆ. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕಳುವಾಗಿದ್ದು 2016ರಲ್ಲಿ ಮಾರಾಟಕ್ಕೆ ಬಂತು, 11 ಕೋಟಿಗೂ ಹೆಚ್ಚು ಜನರ ಮೇಲ್ ಐಡಿ ಪಾಸ್‌ವರ್ಡ್. ಅಂಥ ಪಟ್ಟಿ ಒಂದು ಸಲ ಹೊರಗೆ ಬಿತ್ತು ಅಂದ್ರೆ ಮತ್ತೆ ಒಳಗೆ ಹೋಗಲ್ಲ, ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡ್ತಾ ಇರುತ್ತೆ. ‘ಹ್ಯಾವ್ ಐ ಬೀನ್ ಪೋನ್ಡ್’ ಅಂತ 2013ರಿಂದ ಒಂದು ಸೈಟ್ ಇದೆ, ಅದ್ರಲ್ಲಿ ನಿಮ್ಮ ಮೇಲ್ ಐಡಿ ಹಾಕಿದ್ರೆ ಯಾವ್ಯಾವ ಕಳ್ಳತನದಲ್ಲಿ ಅದು ಸಿಕ್ಕಿಬಿದ್ದಿದೆ ಅಂತ ತೋರ್ಸುತ್ತೆ, ದುಡ್ಡೇನೂ ಕೊಡಬೇಕಾಗಿಲ್ಲ.

ನಂಗೆ ಚಿಂತೆ ಇರೋದು ಆ ಬೆದರಿಕೆ ಬಗ್ಗೆ ಅಲ್ಲ, ನಿಮ್ಮ ಕೊನೇ ಸಾಲಿನ ಬಗ್ಗೆ. ಒಂದೇ ಪಾಸ್‌ವರ್ಡ್ ನಾಲ್ಕು ಕಡೆ. ಕಳ್ಳರು ಕೂತು ಒಂದೊಂದೇ ಟೈಪ್ ಮಾಡಲ್ಲ, ಪಟ್ಟೀನ ಪ್ರೋಗ್ರಾಮ್‌ಗೆ ಕೊಡ್ತಾರೆ, ಅದು ಜಿಮೇಲು ಫೇಸ್‌ಬುಕ್ಕು ಶಾಪಿಂಗು ಎಲ್ಲಾ ಬಾಗಿಲಿಗೂ ಅದೇ ಚಾವಿ ಹಾಕಿ ನೋಡ್ತಾ ಹೋಗುತ್ತೆ. ಹಾಗಾಗಿ ನನ್ನ ಈ ಉತ್ತರ ಓದಿ ಮುಗಿಸೋಕ್ ಮುಂಚೆ ಹೋಟ್ಲಿನ ಮೇಲ್‌ದು ಬದಲಾಯಿಸಿ, ಆಮೇಲೆ ನಿಮ್ಮ ಜಿಮೇಲು, ಆಮೇಲೆ ಬ್ಯಾಂಕು, ಟಿಕೆಟ್ಟು, ಫೇಸ್‌ಬುಕ್ಕು. ಮೇಲೇ ಯಾಕೆ ಮೊದ್ಲು ಅಂದ್ರೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದ್ರೆ ಉಳಿದ ಎಲ್ಲದರ ಲಿಂಕೂ ಬರೋದು ಅಲ್ಲಿಗೇ, ಎಲ್ಲಾ ಚಾವಿ ನೇತುಹಾಕಿರೋ ಗೂಟ ಅದು.

ಆದ್ರೆ ಪಾಸ್‌ವರ್ಡ್ ಬದಲಾಯಿಸಿ ಅಷ್ಟಕ್ಕೇ ಬಿಡಬೇಡಿ. ಮಾಟುಂಗಾದಲ್ಲಿ ನನ್ನ ಪರಿಚಯದ ಹೋಟ್ಲಿನವ್ರೊಬ್ರು ಮೂರು ಸಲ ಬದಲಾಯಿಸಿದ್ರು, ಆದ್ರೂ ಇವ್ರಿಗೆ ಬಂದ ದಿನಸಿ ಬಿಲ್ ಇನ್ಯಾರಿಗೋ ಗೊತ್ತಾಗ್ತಿತ್ತು, ‘ಅಕೌಂಟ್ ನಂಬರ್ ಚೇಂಜ್ ಆಗಿದೆ, ಇದಕ್ಕೆ ಹಾಕಿ’ ಅಂತ ಫೋನ್ ಬರ್ತಿತ್ತು. ಮಧ್ಯಾಹ್ನ ಊಟದ ರಶ್ ಇಳಿದ ಮೇಲೆ ಮಾಳಿಗೇಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆಗೆದು ‘ಫಾರ್ವರ್ಡಿಂಗ್’ ಅನ್ನೋದನ್ನ ಒತ್ತಿದ್ರೆ ಅಲ್ಲಿ ಯಾರದೋ ಗುರುತಿಲ್ಲದ ವಿಳಾಸ ಕೂತಿತ್ತು, ಬಂದ ಪ್ರತಿ ಮೇಲೂ ಒಂದು ಕಾಪಿ ಅಲ್ಲಿಗೆ. ಬೀಗ ಬದಲಾಯಿಸಿದ್ರು, ಹಿಂದಿನ ಕಿಟಕಿ ತೆರೆದೇ ಇತ್ತು. ನೀವೂ ಕಂಪ್ಯೂಟರ್‌ನಲ್ಲೇ ನೋಡಿ, ಜೊತೆಗೆ ಫಿಲ್ಟರ್‌ಗಳು (ಬಂದ ಮೇಲ್‌ನ ತಾನಾಗೇ ಬೇರೆ ಕಡೆ ಕಳಿಸೋ ನಿಯಮ), ರಿಕವರಿ ನಂಬರ್ (ಪಾಸ್‌ವರ್ಡ್ ಮರೆತ್ರೆ ಕೋಡ್ ಬರೋ ನಂಬರ್), ‘ಯುವರ್ ಡಿವೈಸಸ್’ ಮೂರನ್ನೂ ನೋಡಿ, ಕೆಲ್ಸ ಬಿಟ್ಟು ಊರಿಗೆ ಹೋದ ಹುಡುಗನ ಫೋನ್ ಇನ್ನೂ ಅಲ್ಲಿ ಕಾಣಿಸ್ತಿದ್ರೆ ಸೈನ್ ಔಟ್ ಮಾಡಿ.

ಹೊಸ ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಸಾಲಾಗಿ ಇಡಿ, ಉದ್ದ ಇದ್ದಷ್ಟೂ ಒಳ್ಳೇದು, ಮಕ್ಕಳ ಹೆಸರು ಮಾತ್ರ ಬೇಡ. ನೆನಪಿರಲ್ಲ ಅಂದ್ರೆ ಪುಸ್ತಕದಲ್ಲಿ ಬರ್ಕೊಳ್ಳಿ, ಎಷ್ಟೋ ಜನ ಇದು ತಪ್ಪು ಅಂತಾರೆ, ನಂಗೆ ಹಾಗನಿಸಲ್ಲ, ಮನೆ ಕಪಾಟಲ್ಲಿರೋ ಪುಸ್ತಕ ಎಲ್ಲೋ ದೂರದಲ್ಲಿ ಕೂತ ಕಳ್ಳನಿಗೆ ಸಿಗಲ್ಲ. ಹೋಟ್ಲಿನ ಗಲ್ಲಾದಲ್ಲಿ ಮಾತ್ರ ಇಡಬೇಡಿ. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಅಂದ್ರೆ ಪಾಸ್‌ವರ್ಡ್ ಹಾಕಿದ ಮೇಲೂ ಇನ್ನೊಂದು ಗುರುತು ಕೇಳುತ್ತೆ, ಫೋನ್ ಕೈಯಲ್ಲಿ ಇಲ್ದಾಗ ಬಳಸೋಕೆ ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತೆ, ಅದನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ.

ಇನ್ನೊಂದು, ನೀವು ದಿನಾ ಡೊಂಬಿವಲಿ ಲೋಕಲ್ ಹತ್ತೋರು. ಆ ನೂಕಾಟದಲ್ಲಿ ಫೋನ್ ಹೋದ್ರೆ ಕಳ್ಳ ಅದನ್ನ ಅನ್‌ಲಾಕ್ ಮಾಡ್ಬೇಕು ಅಂತಿಲ್ಲ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದ್ರೆ ಒಟಿಪಿ ಎಲ್ಲಾ ಅವ್ನಿಗೇ ಬರುತ್ತೆ. ಅದಕ್ಕೆ ಸಿಮ್‌ಗೇ ಪಿನ್ ಹಾಕಿಸಿ, ಫೋನ್ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಇರುತ್ತೆ. ಆದ್ರೆ ಅಂದಾಜಿನ ಮೇಲೆ ಒತ್ತಬೇಡಿ, ಮೂರು ಸಲ ತಪ್ಪಿದ್ರೆ ಸಿಮ್ ಲಾಕ್ ಆಗಿ ಪಿಯುಕೆ ಅನ್ನೋ ಬೀಗ ತೆಗೆಯೋ ಕೋಡ್ ಕೇಳುತ್ತೆ, ಮೊದ್ಲಿನ ಪಿನ್ ಎಷ್ಟು ಅಂತ ಕಂಪನಿಯವ್ರನ್ನ ಕೇಳ್ಕೊಂಡೇ ಬದಲಾಯಿಸಿ. ಈಗಾಗ್ಲೇ ಯಾವ ಖಾತೆಯಿಂದಾದ್ರೂ ದುಡ್ಡು ಹೋಗಿದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.