ಇಪಿಒ ಇಂಜೆಕ್ಷನ್ ಕೇಳುವ ಹುಡುಗರಿಗೆ

ಈ ತಿಂಗಳೂ ಅದೇ ಪ್ರಶ್ನೆ ಬಂದಿದೆ. ಕೇಳುವವರು ಬೇರೆ, ಇಂಜೆಕ್ಷನ್ ಒಂದೇ: ಆಮ್ಲಜನಕ ಹೊರುವ ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಇಪಿಒ (ಎರಿಥ್ರೋಪೊಯೆಟಿನ್). ಹಾಗಾಗಿ ಒಂದು ಪತ್ರಕ್ಕೇ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನಗೆ 20 ವರ್ಷ. ಭಾನುವಾರ ಬೆಳಿಗ್ಗೆ ಚಹಾ ಕುಡಿದು ದಾವಣಗೆರೆಯಿಂದ ದುರ್ಗಕ್ಕೆ ಸೈಕಲ್‌ನಲ್ಲಿ ಹೋಗಿ ಬರುತ್ತೇನೆ. ವಾಪಸ್ ಬರುವಾಗ ಭರಮಸಾಗರದ ಹತ್ತಿರ ಕಾಲು ಸೋತು ಹೋಗುತ್ತದೆ. ಹಿಮೋಗ್ಲೋಬಿನ್ 14.5 ಇದೆ. ಡಯಾಲಿಸಿಸ್‌ನವರಿಗೆ ಕೊಡುವ ಇಪಿಒ ತಗೋ, ಫ್ರಾನ್ಸಿನ ದೊಡ್ಡ ಸೈಕಲ್ ರೇಸಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಎಲ್ಲರೂ ತಗೊಳ್ಳುವುದೇ ಎಂದು ಜಿಮ್ಮಿನ ಅಣ್ಣ ಹೇಳುತ್ತಾರೆ. ತಗೊಳ್ಳಬಹುದಾ?

ಬೇಡ. ನಿಮ್ಮ ರಕ್ತ ಚೆನ್ನಾಗಿದೆ, ಖಾಲಿ ಇರುವುದು ಹೊಟ್ಟೆ. ಬರೀ ಚಹಾದ ಮೇಲೆ 80 ಕಿಲೋಮೀಟರ್ ತುಳಿದರೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಮುಗಿಯುತ್ತದೆ, ಆಮೇಲೆ ಯಾರ ಕಾಲಾದರೂ ಸೋಲುತ್ತದೆ. ಟೂರ್‌ನವರು ಮೂರು ವಾರದಲ್ಲಿ 21 ಹಂತ, ಸುಮಾರು 3,400 ಕಿಲೋಮೀಟರ್ ಓಡಿಸುತ್ತಾರಲ್ಲ, ಅವರು ಸೀಟಿನ ಮೇಲೆ ಕೂತೇ ಗಂಟೆಗೆ 90 ಗ್ರಾಂನಷ್ಟು, ಕೆಲವರು ಅದಕ್ಕಿಂತ ಜಾಸ್ತಿ, ಸಕ್ಕರೆ ಪದಾರ್ಥ ತಿನ್ನುತ್ತಾರೆ. ಅದನ್ನು ಯಾರೂ ನಕಲು ಮಾಡುವುದಿಲ್ಲ, ಸೂಜಿ ಮಾತ್ರ ಬೇಕು! ನೀವು ಗಂಟೆಗೆ ಎರಡು ಬಾಳೆಹಣ್ಣು ತಿನ್ನಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಜೊತೆಗಿರಲಿ. ಹೊರಡುವ ಮುಂಚೆ ಇಡ್ಲಿ ತಿನ್ನಿ.

ಇನ್ನು ಇಪಿಒ. ಕೆಂಪು ಕಣ ತಯಾರಿಸು ಎಂದು ಮೂಳೆಯ ಮಜ್ಜೆಗೆ ಹೇಳುವ ಈ ಹಾರ್ಮೋನನ್ನು ನಮ್ಮ ಕಿಡ್ನಿಯೇ ಮಾಡುತ್ತದೆ. ಕಿಡ್ನಿ ಕೆಟ್ಟವರಿಗೆ ಅದು ಸಾಲುವುದಿಲ್ಲ, ಅದಕ್ಕೇ ಹೊರಗಿಂದ ಕೊಡುತ್ತೇವೆ. ಅವರಿಗೂ ರಕ್ತ ನೋಡಿ, ಬಿಪಿ ನೋಡಿ, ಹಿಮೋಗ್ಲೋಬಿನ್ ಜಾಸ್ತಿ ಏರದ ಹಾಗೆ ಡೋಸ್ ಇಳಿಸುತ್ತೇವೆ, ಏರಿದರೆ ಹಾರ್ಟ್ ಅಟ್ಯಾಕ್, ಲಕ್ವದ ಭಯ. ಗಂಡಸರ ರಕ್ತದಲ್ಲಿ ಕೆಂಪು ಕಣದ ಪಾಲು ಸಾಮಾನ್ಯವಾಗಿ 40ರಿಂದ 50 ಪರ್ಸೆಂಟ್. ಇಂಜೆಕ್ಷನ್ ಅದನ್ನು ಮೇಲಕ್ಕೆ ತಳ್ಳಿದರೆ ರಕ್ತ ಅಂಬಲಿಯ ಹಾಗೆ ಮಂದವಾಗುತ್ತದೆ. ಅದರ ಮೇಲೆ ಏಪ್ರಿಲ್ ಬಿಸಿಲಲ್ಲಿ ಹೈವೇ ಮೇಲೆ ಬೆವರು ಸುರಿಸಿದರೆ ಇನ್ನೂ ಮಂದ. ರಾತ್ರಿ ಮಲಗಿದಾಗ ನಾಡಿ ಬೇರೆ ನಿಧಾನವಾಗುತ್ತದೆ. ಹೆಪ್ಪುಗಟ್ಟುವುದಕ್ಕೆ ಇನ್ನೇನು ಬೇಕು? ಈ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಜಿಮ್ ಬ್ಯಾಗಿನಲ್ಲಿ ತಿರುಗಿ ಬಂದ ಬಾಟಲಿಯಲ್ಲಿ ಏನು ಉಳಿದಿರುತ್ತದೆ ಎಂದು ಆ ಅಣ್ಣನಿಗೂ ಗೊತ್ತಿಲ್ಲ.

ಎಲ್ಲರೂ ತಗೊಳ್ಳುತ್ತಾರೆ ಎನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 90ರ ದಶಕದಲ್ಲಿ ತುಂಬಾ ಜನ ತಗೊಂಡಿದ್ದು ನಿಜ. ಪತ್ತೆ ಹಚ್ಚುವ ಪರೀಕ್ಷೆ ಇರಲಿಲ್ಲ, ಅದಕ್ಕೇ 1997ರಲ್ಲಿ ಕೆಂಪು ಕಣ 50 ಪರ್ಸೆಂಟ್ ದಾಟಿದವರನ್ನು ರೇಸಿನಿಂದ ಹೊರಗೆ ಕೂರಿಸುವ ನಿಯಮ ತಂದರು. ಮರುವರ್ಷವೇ ಫೆಸ್ಟಿನಾ ಎಂಬ ಸೈಕಲ್ ತಂಡದ ಕಾರು ಇಪಿಒ ಸಮೇತ ಸಿಕ್ಕಿಬಿತ್ತು. 1996ರ ಟೂರ್ ಗೆದ್ದ ಬ್ಯಾರ್ನೆ ರೀಸ್ ಇಪಿಒ ತಗೊಂಡಿದ್ದನ್ನು 2007ರಲ್ಲಿ ತಾವೇ ಒಪ್ಪಿಕೊಂಡರು. ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಪಟ್ಟ ಇಂಥದೇ ಕಾರಣಕ್ಕೆ 2012ರಲ್ಲಿ ಹೋದವು. 2000ದಿಂದ ಇಪಿಒಗೆ ಪರೀಕ್ಷೆ ಇದೆ. 2008ರಿಂದ ರಕ್ತದ ಪಾಸ್‌ಪೋರ್ಟ್ ಬಂದಿದೆ. ಅಂದರೆ ಒಬ್ಬೊಬ್ಬರ ರಕ್ತದ ಲೆಕ್ಕವನ್ನೂ ವರ್ಷಗಟ್ಟಲೆ ಇಡುತ್ತಾರೆ, ಔಷಧಿ ಸಿಗದಿದ್ದರೂ ಏರುಪೇರು ಸಿಕ್ಕಿಹಾಕಿಸುತ್ತದೆ. ಸಿಕ್ಕಿದರೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. ನಿಮ್ಮ ವಯಸ್ಸಿಗೆ ಅದು ಇಡೀ ಕ್ರೀಡಾ ಜೀವನ ಅಲ್ವಾ?

ಸುಸ್ತು ಗೊತ್ತಾಗದ ಮಾತ್ರೆ ಕೇಳಿದವರಿಗೂ ಇಲ್ಲೇ ಹೇಳುತ್ತೇನೆ. 1967ರ ಜುಲೈ 13ರಂದು ಬ್ರಿಟನ್ನಿನ ಸೈಕಲ್ ಪಟು ಟಾಮ್ ಸಿಂಪ್ಸನ್ ಟೂರ್‌ನಲ್ಲಿ ಮಾನ್ ವಾಂಟೂ ಬೆಟ್ಟ ಹತ್ತುತ್ತಾ ಬಿದ್ದು ತೀರಿಕೊಂಡರು. ಉರಿಬಿಸಿಲು, ಮೈಯಲ್ಲಿ ಆಂಫೆಟಮೈನ್ ಎಂಬ ಅಂಥದೇ ಮಾತ್ರೆ ಮತ್ತು ಮದ್ಯ. 29 ವರ್ಷ. ನಿಲ್ಲು ಎಂದು ಮೈ ಹೇಳಿದ್ದನ್ನು ಆ ಮಾತ್ರೆ ಕೇಳಿಸಗೊಡುವುದಿಲ್ಲ.

ಪ್ರಶ್ನೆ: ರೇಸಿನ ಹಿಂದಿನ ದಿನ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡರೆ ಶಕ್ತಿ ಬರುತ್ತದಾ?

ಅರ್ಧ ಲೀಟರಿನ 5 ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಒಂದು ಬಾಳೆಹಣ್ಣಿನಷ್ಟು. ಕಾಯಿಲೆ ಇಲ್ಲದೆ 12 ಗಂಟೆಯಲ್ಲಿ 100 ಮಿಲಿಗಿಂತ ಜಾಸ್ತಿ ನರಕ್ಕೆ ಹಾಕಿಸಿಕೊಂಡರೆ ಅದೂ ಡೋಪಿಂಗೇ, ಅಂದರೆ ಕ್ರೀಡೆಯಲ್ಲಿ ನಿಷೇಧವಾದದ್ದೇ. ಸುಸ್ತು ಎಂದ ತಕ್ಷಣ ಬಾಟಲಿ ಏರಿಸಿ, ಜೊತೆಗೊಂದು ಸ್ಟಿರಾಯ್ಡ್ ಸೂಜಿ ಚುಚ್ಚಿ ಕಾಸು ಎಣಿಸುವ ನಕಲಿ ಡಾಕ್ಟರುಗಳ ಹತ್ತಿರ ದಯವಿಟ್ಟು ಹೋಗಬೇಡಿ.

ಪ್ರಶ್ನೆ: ಸೈಕಲ್ ತುಳಿದರೆ ಮಕ್ಕಳಾಗುವುದಿಲ್ಲವಂತೆ?

ಸುಳ್ಳು. ಸೀಟಿಗೆ ಒತ್ತುವ ಜಾಗ ಮರಗಟ್ಟಿದ ಹಾಗಾದರೆ ಸೀಟಿನ ಎತ್ತರ ಸರಿ ಮಾಡಿಸಿ.

ಪ್ರಶ್ನೆ: ಲೇಬಲ್ ಇಲ್ಲದ ಶಕ್ತಿ ಪುಡಿ ಕೊಟ್ಟಿದ್ದಾರೆ, ಹಾಲಲ್ಲಿ ಕುಡಿಯಲಾ?

ಎಸೆಯಿರಿ.