ಕಂಪ್ಲೇಂಟಿಗೆ ಒಪ್ಪಿಸುವುದು ಆಮೇಲೆ, ಮೊದಲು ಆಸ್ಪತ್ರೆಗೆ ಹೊರಡಿ

ಚಿಕ್ಕಪ್ಪನ ಮಗಳು, 22 ವರ್ಷ, ಮೈಸೂರಿನ ಪಿಜಿಯಲ್ಲಿದ್ದಾಳೆ. ಮೊನ್ನೆ ರಾತ್ರಿ ಪರಿಚಯದವನೇ ಅತ್ಯಾಚಾರ ಮಾಡಿದ್ದಾನೆ. ಮಂಡ್ಯದ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಣ್ಣ ಅಂತ ನಿಮಗೊಬ್ಬರಿಗೇ ಹೇಳಿದ್ದಾಳೆ, ಪೊಲೀಸ್ ಅಂದರೆ ಬೇಡ ಅಂತಾಳೆ, ಹೇಗೆ ಒಪ್ಪಿಸೋದು ಅಂತ ಕೇಳಿದ್ದೀರಿ. ನೀವು ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ. ಆ ಕತೆ ಇಲ್ಲಿ ಬೇಡ, ನಿಮಗೆ ಅಷ್ಟು ಹೊತ್ತಿಲ್ಲ.

ಒಪ್ಪಿಸಬೇಡಿ. ಕಂಪ್ಲೇಂಟ್ ಕೊಡಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ಮಾಡುತ್ತಾ ಕೂತು ಮೂರು ದಿನ ಕಳೆದುಬಿಡುವುದೇ ಎಲ್ಲರೂ ಮಾಡುವ ತಪ್ಪು. ಕಂಪ್ಲೇಂಟ್ ಮುಂದಿನ ತಿಂಗಳು ಕೊಟ್ಟರೂ ಕೇಸ್ ಆಗುತ್ತದೆ, ಅತ್ಯಾಚಾರಕ್ಕೆ ಕಾಲಮಿತಿ ಇಲ್ಲ. ಔಷಧಿಗೆ ಇದೆ. ಎಚ್‌ಐವಿ ತಗುಲದಂತೆ ಕೊಡುವ ಪೆಪ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು, 72 ದಾಟಿದ ಮೇಲೆ ಕೊಡುವುದಿಲ್ಲ. ಗರ್ಭ ತಡೆಯುವ ಲೆವೊನೋರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಒಂದೇ ಸಲದ ಮಾತ್ರೆ. ಅದೂ 72 ಗಂಟೆಯೊಳಗಾದರೆ ಚೆನ್ನಾಗಿ ಕೆಲಸ ಮಾಡುತ್ತದೆ, 120 ಗಂಟೆವರೆಗೂ ಕೊಡಬಹುದು, ಆದರೆ ಗುಣ ಇಳಿಯುತ್ತಾ ಹೋಗುತ್ತದೆ. ಮೈಮೇಲಿನ ಸ್ವಾಬ್, ಅಂದರೆ ಸಾಕ್ಷ್ಯಕ್ಕೆ ಹತ್ತಿಯಲ್ಲಿ ಒರೆಸಿ ತೆಗೆಯುವ ಮಾದರಿ, ತೆಗೆಯಲು ಸುಮಾರು 96 ಗಂಟೆ. ಮೊನ್ನೆ ರಾತ್ರಿ ಅಂದರೆ ಆ 72 ಗಂಟೆಯಲ್ಲಿ ಸುಮಾರು ಅರ್ಧ ಆಗಲೇ ಹೋಗಿದೆ.

ಹೀಗೆ ಸಮಯ ಹೋಗುವುದಕ್ಕೆ ಕಾರಣ ಒಂದೇ ನಂಬಿಕೆ: ಎಫ್‌ಐಆರ್ ಇಲ್ಲದೆ ಆಸ್ಪತ್ರೆ ಮುಟ್ಟುವುದಿಲ್ಲ ಅನ್ನೋದು. ಸುಳ್ಳು. ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಅಂತ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 397ನೇ ಕಲಂ ಹೇಳುತ್ತದೆ. ಕೊಡದಿದ್ದರೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದದ್ದು) 200ರ ಪ್ರಕಾರ ಒಂದು ವರ್ಷದವರೆಗೆ ಜೈಲು. ಪೊಲೀಸರ ಪತ್ರ ತನ್ನಿ ಅಂತ ಕೌಂಟರಿನಲ್ಲಿ ಅಂದರೆ ಈ ಎರಡು ನಂಬರ್ ಹೇಳಿ, ಡ್ಯೂಟಿ ಡಾಕ್ಟರನ್ನು ಕರೆಸಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ). ಊರಿನ ಕಡೆಯವರು ಯಾರಾದರೂ ನೋಡಿಬಿಡುತ್ತಾರೆ ಅನ್ನೋ ಭಯವಿದ್ದರೆ ಮೈಸೂರೇ ವಾಸಿ.

ಅವಳಿಗೆ ಒಂದು ವಿಷಯ ಮುಚ್ಚಿಡಬೇಡಿ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸ್ ಕೇಸ್ ಆಗಬಹುದಾದ ಪ್ರಕರಣದ ವೈದ್ಯಕೀಯ ದಾಖಲೆ) ಬರೆಯುತ್ತಾರೆ, ಪೊಲೀಸರಿಗೆ ಮಾಹಿತಿಯೂ ಹೋಗುತ್ತದೆ. ಆದರೆ ಈಗ ಕೇಸ್ ಬೇಡ ಅಂತ ಅವಳು ಹೇಳಿದರೆ ಅದನ್ನೂ ಬರೆದುಕೊಳ್ಳಬೇಕು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಪರೀಕ್ಷೆಗೆ, ಸಾಕ್ಷ್ಯ ತೆಗೆಯುವುದಕ್ಕೆ, ಚಿಕಿತ್ಸೆಗೆ ಬೇರೆಬೇರೆ ಒಪ್ಪಿಗೆ ಕೇಳುತ್ತಾರೆ. ಮಾತ್ರೆ ಸಾಕು, ಸ್ವಾಬ್ ಬೇಡ ಅನ್ನಬಹುದು. ಆದರೆ ಸ್ವಾಬ್ ಕೊಟ್ಟಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ, ನಾಳೆ ಮನಸ್ಸು ಬದಲಾದರೆ ಆಗ ಸಿಗುವುದಿಲ್ಲ. ಎರಡು ಬೆರಳಿನ ಪರೀಕ್ಷೆಗೆ (ಯೋನಿಯೊಳಗೆ ಬೆರಳಿಟ್ಟು ಮೊದಲೇ ಸಂಭೋಗದ ಅಭ್ಯಾಸವಿತ್ತೇ ಅಂತ ನೋಡುವ ಹಳೇ ಪದ್ಧತಿ) ಯಾರಾದರೂ ಮುಂದಾದರೆ ಬೇಡ ಅಂತ ಗಟ್ಟಿಯಾಗಿ ಹೇಳಲಿ. ಅದನ್ನು ಮಾಡುವುದು ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಬಟ್ಟೆ ವಿಚಾರ. ಅವತ್ತು ಉಟ್ಟಿದ್ದನ್ನು, ಒಳಉಡುಪು ಸೇರಿ, ಒಗೆಯದೆ ತನ್ನಿ. ತೇವ ಇದ್ದರೆ ನೆರಳಲ್ಲಿ ಫ್ಯಾನ್ ಗಾಳಿಗೆ ಆರಲಿ, ಬಿಸಿಲಿಗೆ ಹಾಕಬೇಡಿ. ಒಂದೊಂದನ್ನೂ ಬೇರೆಬೇರೆ ಕಾಗದದ ಕವರಿನಲ್ಲಿ ಇಡಿ. ಪ್ಲಾಸ್ಟಿಕ್ ಕವರ್ ಖಂಡಿತ ಬೇಡ: ಒಳಗೆ ಬೆವರು ಕಟ್ಟಿ ಬೂಷ್ಟು ಬಂದರೆ ಡಿಎನ್‌ಎ ಹಾಳಾಗುತ್ತದೆ. ಸ್ನಾನ ಆಗಿಹೋಗಿದೆ, ಬಟ್ಟೆ ಒಗೆದಾಗಿದೆ ಅಂದರೂ ಹೋಗಿ. ಒಗೆದ ಬಟ್ಟೆಯಲ್ಲೂ ಕಲೆಯ ಅಂಶ ಉಳಿದಿರಬಹುದು. ಮೈಮೇಲೆ ಗಾಯ ಇಲ್ಲ ಅನ್ನೋದರಿಂದ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಅವನ ವಾಟ್ಸಾಪ್ ಮೆಸೇಜ್, ಕಾಲ್ ಲಿಸ್ಟ್ ಯಾವುದನ್ನೂ ಡಿಲೀಟ್ ಮಾಡಿಸಬೇಡಿ, ಎಷ್ಟೇ ಅಸಹ್ಯ ಅನ್ನಿಸಿದರೂ.

ಗರ್ಭನಿರೋಧಕ ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕಾಗುತ್ತದೆ. ಪೆಪ್ ಕೋರ್ಸ್ 28 ದಿನ. ಹೊಟ್ಟೆ ತೊಳೆಸುತ್ತದೆ ಅಂತ ವಾರಕ್ಕೇ ಬಿಟ್ಟುಬಿಡುವವರು ಬಹಳ. ಊಟ ಆದಮೇಲೆ ರಾತ್ರಿ ಹೊತ್ತು ತಗೊಂಡರೆ ಸ್ವಲ್ಪ ಸುಲಭ, ತೀರಾ ಆಗದಿದ್ದರೆ ಡಾಕ್ಟರನ್ನು ಕೇಳಬೇಕು, ತಾವಾಗಿ ನಿಲ್ಲಿಸಬಾರದು. ಹೆಪಟೈಟಿಸ್ ಬಿ ಲಸಿಕೆಯನ್ನೂ ಕೇಳಿ ಹಾಕಿಸಿ. ಮುಟ್ಟು ಒಂದು ವಾರ ತಡವಾದರೆ ಗರ್ಭ ಪರೀಕ್ಷೆ.

ಏನಾಯ್ತು ಅಂತ ನೀವು ವಿವರ ಕೇಳಬೇಡಿ. ಡಾಕ್ಟರಿಗೆ ಒಮ್ಮೆ, ಮುಂದೆ ಪೊಲೀಸರಿಗೆ, ಮ್ಯಾಜಿಸ್ಟ್ರೇಟರ ಮುಂದೆ, ಹೇಗೂ ಮತ್ತೆಮತ್ತೆ ಹೇಳಬೇಕಾದೀತು. ಅಷ್ಟೊತ್ತಲ್ಲಿ ಅಲ್ಲಿಗೆ ಯಾಕೆ ಹೋದೆ ಅನ್ನೋ ಮಾತಂತೂ ಬಾಯಿಗೆ ಬರಲೇಬಾರದು. 2021ರಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಮಂತ್ರಿಯಾದವರೇ ಆ ಧಾಟಿಯಲ್ಲಿ ಮಾತಾಡಿದ್ದು ನೆನಪಿರಬೇಕು. ಮನೆಯಲ್ಲಿ ಮತ್ತೊಮ್ಮೆ ಕೇಳಿಸಿಕೊಳ್ಳುವ ಅಗತ್ಯ ಅವಳಿಗಿಲ್ಲ.

ಮನೆಯವರಿಗೆ ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಗೊತ್ತಾದ ದಿನ ಯಾರೋ ಹಿರಿಯರು ಪಂಚಾಯ್ತಿ ಮಾಡಿ ಅವನಿಗೇ ಕೊಟ್ಟು ಮದುವೆ ಮಾಡಿಬಿಡೋಣ ಅಂದಾರು. ಆಗ ಅಡ್ಡ ನಿಲ್ಲುವುದು ನಿಮ್ಮ ಕೆಲಸ. ಇದು ರಾಜಿ ಆಗುವ ಅಪರಾಧವೇ ಅಲ್ಲ. ಅವಳ ಗುರುತು ಸಿಗುವಂತೆ ಸುದ್ದಿ ಹಬ್ಬಿಸಿದರೆ ಬಿಎನ್‌ಎಸ್ 72ರಡಿ ಎರಡು ವರ್ಷದವರೆಗೆ ಶಿಕ್ಷೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹಾಗೆ ಮಾಡಲು ಹೊರಟರೆ ಈ ಕಲಂ ನೆನಪಿಸಿ.

ಅವಳಾಗಿ ಕಂಪ್ಲೇಂಟ್ ಕೊಡ್ತೀನಿ ಅಂದಾಗ ಯಾವ ಠಾಣೆಯಾದರೂ ಸರಿ, ಝೀರೋ ಎಫ್‌ಐಆರ್ (ಘಟನೆ ನಡೆದ ಜಾಗ ತಮ್ಮ ವ್ಯಾಪ್ತಿಯದಲ್ಲದಿದ್ದರೂ ದಾಖಲಿಸುವ ಎಫ್‌ಐಆರ್) ಮಾಡಬೇಕು. ಹೇಳಿಕೆ ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯೇ ಆಗಿರಬೇಕು. ಎಫ್‌ಐಆರ್ ಪ್ರತಿ ಉಚಿತ. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ (ಸಹಾಯವಾಣಿ 15100), ಪರಿಹಾರದ ಅರ್ಜಿಯೂ ಅಲ್ಲೇ.

ಒಬ್ಬರೇ ನಿಭಾಯಿಸಲು ಆಗದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಸಖಿ ಕೇಂದ್ರ (ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಸರ್ಕಾರಿ ನೆರವು ಕೇಂದ್ರ) ಕೇಳಿ, ಜೊತೆಗೆ ಬರುವ ಹೆಂಗಸೊಬ್ಬರು ಸಿಗುತ್ತಾರೋ ವಿಚಾರಿಸಿ. ಹೊರಡುವಾಗ ಇನ್ನೊಂದು ಜೊತೆ ಬಟ್ಟೆ, ಚಪ್ಪಲಿ ಇಟ್ಟುಕೊಳ್ಳಿ, ಹಾಕಿಕೊಂಡು ಹೋದದ್ದನ್ನು ಆಸ್ಪತ್ರೆಯವರು ಇಟ್ಟುಕೊಳ್ಳಬಹುದು. ಆಧಾರ್ ಕಾರ್ಡ್ ಪಿಜಿಯಲ್ಲೇ ಉಳಿದಿದ್ದರೆ ಅದಕ್ಕಾಗಿ ವಾಪಸ್ ಹೋಗಬೇಡಿ.