ಹಳೆಯ ಇಂಗ್ಲಿಷ್ ಮರದ ಗೊಂಬೆಗಳ ಬಟ್ಟೆಗೆ ಯಾಕಷ್ಟು ಮಹತ್ವ?

ಆ ಕಾಲದ ಜನ ನಿಜವಾಗಿ ಏನು ತೊಡುತ್ತಿದ್ದರು ಅನ್ನೋದು ಅವುಗಳಿಂದ ತಿಳಿಯುತ್ತದೆ, ಅದಕ್ಕೆ. ದೊಡ್ಡವರ ರೇಷ್ಮೆ ಉಡುಪನ್ನು ಬಿಚ್ಚಿ ಮತ್ತೆ ಹೊಲಿಸಿಕೊಳ್ಳುತ್ತಿದ್ದರು. ಒಳಉಡುಪಂತೂ ಹರಿಯುವ ತನಕ ಬಳಕೆಯಾಗುತ್ತಿತ್ತು. ಹಾಗಾಗಿ ದೊಡ್ಡವರ ಬಟ್ಟೆ ಮೂಲರೂಪದಲ್ಲಿ ಉಳಿದಿರುವುದು ಕಡಿಮೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಲಾರ್ಡ್ ಮತ್ತು ಲೇಡಿ ಕ್ಲಾಪಮ್ ಜೋಡಿಯನ್ನೇ ನೋಡಿ. ಸುಮಾರು 1690–1700ರ ಗೊಂಬೆಗಳು. ಲೇಡಿಗೆ ರೇಷ್ಮೆಯ ಮಾಂಟುವಾ (ಮುಂದೆ ತೆರೆದಿರುವ ಉದ್ದನೆಯ ಗೌನು), ಅದರೊಳಗೆ ಲಿನನ್ ಶಿಫ್ಟ್ (ಮೈಗೆ ತಾಗುವಂತೆ ತೊಡುವ ಒಳಅಂಗಿ), ನಡು ಬಿಗಿಯುವ ಸ್ಟೇಸ್, ಲಂಗ, ಕಾಲಿಗೆ ಸ್ಟಾಕಿಂಗ್ಸ್. ಲಾರ್ಡ್‌ಗೆ ಮನೆಯಲ್ಲಿ ತೊಡಲು ಸಡಿಲ ನಿಲುವಂಗಿ ಬೇರೆ! ಎಲ್ಲವನ್ನೂ ದೊಡ್ಡವರ ಬಟ್ಟೆಯಂತೆಯೇ ಕತ್ತರಿಸಿ ಹೊಲಿದಿದ್ದಾರೆ. ನನಗೆ ಜಾಸ್ತಿ ಇಷ್ಟವಾಗೋದು ಒಳಗಿನ ಪದರಗಳು. ಆ ಕಾಲದ ಭಾವಚಿತ್ರಗಳಲ್ಲಿ ಅವು ಪೂರ್ತಿಯಾಗಿ ಕಾಣುವುದಿಲ್ಲ ಅಲ್ವಾ?

ಆದರೆ ಎಷ್ಟೋ ಗೊಂಬೆಗಳಿಗೆ ಮುಂದಿನ ತಲೆಮಾರಿನವರು ಹೊಸ ಬಟ್ಟೆ ತೊಡಿಸಿದ್ದಾರೆ. ಗೊಂಬೆಯ ಕಾಲವನ್ನೂ ಬಟ್ಟೆಯ ಕಾಲವನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.